ಕೇಕ್ ಕೊಂಡವರಿಗೆ, ಬೈದು ವಾಪಸ್ ಕಳಿಸಿದವರಿಗೂ

ಬೆಂಗಳೂರಿನ ರಾಜ್ಯಮಟ್ಟದ ಪ್ಯಾರಾ ಕೂಟದಲ್ಲಿ, ಅಂದರೆ ಅಂಗವಿಕಲರ ಕ್ರೀಡಾಕೂಟದಲ್ಲಿ, ಗುಂಡು ಎಸೆತಕ್ಕೆ ಬೆಳ್ಳಿ ಬಂದಿದೆ. ರಾಷ್ಟ್ರೀಯ ಕೂಟಕ್ಕೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರೂ ಉಂಟು. ಸುದ್ದಿ ನಿಮಗೆಲ್ಲ ಆಗಲೇ ಮುಟ್ಟಿದೆ ಅಂತ ಗೊತ್ತು. ನನ್ನ ಹೆಂಡತಿ ನಮ್ಮ ಕೇಕ್ ಡೆಲಿವರಿಗೆ ಹೋದ ಮನೆಯಲ್ಲೆಲ್ಲ ಹೇಳಿಕೊಂಡೇ ಬಂದಿದ್ದಾಳೆ. ಥ್ಯಾಂಕ್ಸ್ ಹೇಳುವ ಕೆಲಸವನ್ನೂ ಅವಳ ಸ್ಕೂಟರಿಗೆ ಹೇರುವುದು ಬೇಡ ಅಂತ ನಾನೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ನನಗೆ ಸಹಾಯ ಮಾಡಿದವರಲ್ಲ. ನೀವು ಕೇಕ್ ಕೊಂಡವರು. ಅಂಚು ಗಟ್ಟಿಯಾಗಿದೆ ಅಂದವರು, ನೂರು ರೂಪಾಯಿ ಕಮ್ಮಿ ಮಾಡಿ ಅಂತ ಚೌಕಾಸಿ ಮಾಡಿದವರು. ಕಡಿಯಾಳಿಯ ಒಬ್ಬರು ಅಮ್ಮ ಸಿಹಿ ಸಾಲದು ಅಂತ ಅರ್ಧ ಕೆಜಿ ಬಾಳೆಹಣ್ಣಿನ ಕೇಕನ್ನು ಡಬ್ಬಿ ಸಮೇತ ವಾಪಸ್ ಕಳಿಸಿದರು. ಮರುವಾರ ಅವರೇ ಪುನಃ ಆರ್ಡರ್ ಕೊಟ್ಟರು. ವೀಲ್‌ಚೇರಿನಲ್ಲಿ ಕೂತವನ ಕೈಯಿಂದ ಬಂದದ್ದು, ಸುಮ್ನೆ ತಿಂದುಬಿಡುವಾ ಅಂತ ಅವರು ಅಂದುಕೊಳ್ಳಲಿಲ್ಲ. ಆ ವಾಪಸ್ ಬಂದ ಡಬ್ಬಿ ನೋಡಿ ನನಗಾದ ಖುಷಿ ಹೇಗೆ ಹೇಳುವುದೋ ಗೊತ್ತಿಲ್ಲ. ಮರದಿಂದ ಬಿದ್ದ ಮೇಲೆ ಯಾರೂ ನನಗೆ ಬೈದೇ ಇರಲಿಲ್ಲ ಮಾರಾಯ್ರೇ!

ಗೊತ್ತಿಲ್ಲದವರಿಗೆ: ನಾನು ಹೆಬ್ರಿ ಕಡೆಯವನು. ಅಡಿಕೆ ಮರ ಹತ್ತುವುದು ಕೆಲಸ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಮರ ಜಾರಿ ಬಿದ್ದೆ. ಬೆನ್ನುಹುರಿಗೆ ಪೆಟ್ಟು, ಕಾಲಿಗೆ ಸ್ವಾಧೀನ ಇಲ್ಲ. ಮಣಿಪಾಲಕ್ಕೆ ಫಿಸಿಯೋಥೆರಪಿಗೆ ಹೋಗಿಬರಲು ಹತ್ತಿರ ಅಂತ ಉಡುಪಿಯ ಕುಂಜಿಬೆಟ್ಟಿನಲ್ಲಿ ಬಾಡಿಗೆ ಮನೆ ಹಿಡಿದೆವು. ಈ ಕಥೆ ಇಷ್ಟು ಸಾಕು. ನಮ್ಮ ಕಡೆ ಇಂಥದ್ದು ಊರಿಗೊಂದು ಸಿಗುತ್ತದೆ.

ಬೇಕಿಂಗ್ ಶುರುವಾದದ್ದು ಅತ್ತಿಗೆಯ ಹಳೇ ಓಟಿಜಿಯಿಂದ, ಅಂದರೆ ಮೇಜಿನ ಮೇಲಿಡುವ ಸಣ್ಣ ಓವನಿನಿಂದ. ಅವರ ಮನೆಯಲ್ಲಿ ಅಟ್ಟ ಸೇರಿತ್ತು. ಕೂತಲ್ಲೇ ಮಾಡಬಹುದಾದ ಕೆಲಸ ಹುಡುಕುತ್ತಿದ್ದೆವು, ಇದು ಸಿಕ್ಕಿತು. ಕುರ್ಚಿಯಲ್ಲಿ ಕೂತರೆ ಕೈಗೆಟಕುವಷ್ಟು ಎತ್ತರದ ಒಂದು ಮೇಜು ಮಾಡಿಸಿದೆವು, ಅಷ್ಟೇ. ಅಮ್ಮನಿಗೆ ಮಾತ್ರ ಸಮಾಧಾನ ಇರಲಿಲ್ಲ. "ಗಂಡಸು ಕೂತು ಕೇಕ್ ಮಾಡುದಾ? ಜನ ಎಂತ ಹೇಳಿಯಾರು?" ಜನ ಹೇಳಿದ್ದು, ಮೊಟ್ಟೆ ಹಾಕದೆ ಆಗ್ತದಾ ಅಂತ. ಉಡುಪಿ ಅಲ್ವಾ. ಅರ್ಧಕ್ಕಿಂತ ಜಾಸ್ತಿ ಗಿರಾಕಿಗಳಿಗೆ ಮೊಟ್ಟೆ ಆಗುವುದಿಲ್ಲ. ಅದಕ್ಕೆ ಎರಡು ಜೊತೆ ಟಿನ್ನು, ಎರಡು ಜೊತೆ ಪಾತ್ರೆ, ಬ್ರಷ್ ಕೂಡ ಬೇರೆ ಬೇರೆ. ಮೊಟ್ಟೆಯ ಬದಲು ಮೊಸರು, ಸೋಡಾ. ಆಹಾರ ಸುರಕ್ಷತೆಯ ನೋಂದಣಿಗೆ ನಾವು ಕಟ್ಟಿದ್ದು ವರ್ಷಕ್ಕೆ ಬರೀ 100 ರೂಪಾಯಿ. ಮನೆಯಲ್ಲಿ ಮಾಡಿ ಮಾರುವವರು ಇದಕ್ಕೆ ಯಾಕೆ ಹೆದರುತ್ತಾರೋ ನನಗೆ ಗೊತ್ತಾಗುವುದಿಲ್ಲ.

ಗುಂಡು ಎಸೆತದ ದಾರಿ ತೋರಿಸಿದವರೂ ಒಬ್ಬ ಗಿರಾಕಿಯೇ. ಸಿಂಡಿಕೇಟ್ ಬ್ಯಾಂಕಿನಿಂದ ನಿವೃತ್ತಿಯಾದವರು, ವಾರಕ್ಕೊಮ್ಮೆ ರಸ್ಕ್ ಒಯ್ಯಲು ಬರುತ್ತಿದ್ದರು. ಆ ಬ್ಯಾಂಕು 1925ರಲ್ಲಿ ಇಲ್ಲೇ ಉಡುಪಿಯಲ್ಲಿ ಹುಟ್ಟಿದ್ದು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅವರು ಮಾತ್ರ ಈಗಲೂ "ನಮ್ಮ ಸಿಂಡಿಕೇಟ್" ಅಂತಲೇ ಹೇಳುವುದು. ಒಂದು ದಿನ ನಾನು ಮೈದಾ ಚೀಲವನ್ನು ನೆಲದಿಂದ ಎತ್ತಿ ಮೇಜಿಗೆ ಹಾಕುವುದನ್ನು ನೋಡಿದರು. "ನಮ್ಮ ಬ್ಯಾಂಕಿನಲ್ಲಿ ಮಾಲತಿ ಹೊಳ್ಳ ಅಂತ ಇದ್ದರು, ಗೊತ್ತುಂಟಾ?" ಅಂದರು. ನನಗೆ ಗೊತ್ತಿರಲಿಲ್ಲ. ಇಲ್ಲೇ ಕೋಟದಲ್ಲಿ ಹುಟ್ಟಿದವರು. ಮಗುವಾಗಿದ್ದಾಗಲೇ ಪೋಲಿಯೋ. ವೀಲ್‌ಚೇರಿನಲ್ಲೇ ಕೂತು ಗುಂಡು, ಡಿಸ್ಕಸ್, ಜಾವೆಲಿನ್ ಎಸೆದು ದೇಶ ವಿದೇಶದಲ್ಲಿ ಪದಕ ತಂದವರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಕೂತು ಎಸೆಯುವ ಆಟ ಅಂತ ಒಂದು ಇದೆ ಅನ್ನುವುದೇ ನನಗೆ ಅವತ್ತು ತಿಳಿದದ್ದು. ಸಾರ್, ಆ ರಸ್ಕಿನ ಲೆಕ್ಕ ಇನ್ನೂ ಬಾಕಿ ಉಂಟು. ನಾನು ಕೊಡಬೇಕಾದದ್ದು.

ಇನ್ನು ದುಡ್ಡು ಎಲ್ಲಿಗೆ ಹೋಯಿತು ಅಂತ ಹೇಳುತ್ತೇನೆ. ಕೊಂಡವರಿಗೆ ಲೆಕ್ಕ ಕೇಳುವ ಹಕ್ಕು ಉಂಟು.

ಮೊದಲ ವರ್ಷದ ಕ್ರಿಸ್‌ಮಸ್ ಕೇಕ್ ಪೂರ್ತಿ ಕುರ್ಚಿಗೆ ಹೋಯಿತು. ವೀಲ್‌ಚೇರಲ್ಲ, ಎಸೆಯುವ ಕುರ್ಚಿ. ನನ್ನದು ಎಫ್55 ವರ್ಗ. ಅಂದರೆ ಸೊಂಟದ ಮೇಲಿನ ಹಿಡಿತ ಇದೆ, ಕಾಲಿನದ್ದು ಇಲ್ಲ. ಗುಂಡು 4 ಕೆಜಿ. ಕುರ್ಚಿಯ ಎತ್ತರ ಕುಶನ್ ಸೇರಿಸಿ 75 ಸೆಂಟಿಮೀಟರ್ ದಾಟಬಾರದು. ಮುಂದೆ ಹಿಡಿದುಕೊಳ್ಳಲು ಒಂದು ಕಂಬ, ಅದು ಅಲ್ಲಾಡಬಾರದು, ಬಾಗಬಾರದು. ಎಸೆಯುವಾಗ ಕುಂಡೆ ಸೀಟಿನಿಂದ ಏಳಬಾರದು, ಎದ್ದರೆ ಫೌಲ್. ಇದನ್ನೆಲ್ಲ ಸಂತೆಕಟ್ಟೆಯ ವೆಲ್ಡಿಂಗ್ ಅಣ್ಣನಿಗೆ ಹೇಳಿದಾಗ ಅವರು ಟೇಪ್ ತೆಗೆದು ಮೊದಲು ನನ್ನನ್ನು ಅಳೆದರು. ಗೇಟು, ಗ್ರಿಲ್ ಮಾಡುವವರು. ಇಂಥದ್ದು ಹಿಂದೆ ಮಾಡಿದವರಲ್ಲ. ಮೊದಲ ಕುರ್ಚಿ ಕುಶನ್ ಇಟ್ಟಾಗ ಎರಡು ಸೆಂಟಿಮೀಟರ್ ಜಾಸ್ತಿ ಆಯಿತು. ನಾನು ಕೇಳುವ ಮೊದಲೇ ಕಾಲು ಕತ್ತರಿಸಿ ಪುನಃ ಬೆಸುಗೆ ಹಾಕಿದರು. ಕೂಲಿ ಪೂರ್ತಿ ತೆಗೆದುಕೊಂಡರು, ಒಂದು ರೂಪಾಯಿ ಬಿಡಲಿಲ್ಲ. ಆದರೆ ಅಜ್ಜರಕಾಡು ಮೈದಾನಕ್ಕೆ ಅವರೇ ಟೆಂಪೋದಲ್ಲಿ ತಂದು, ಲಾರಿಗೆ ಕಟ್ಟುವ ಬೆಲ್ಟಿನಿಂದ ಕುರ್ಚಿಯನ್ನು ನೆಲಕ್ಕೆ ಬಿಗಿದು, ನಾನು ಎಸೆಯುವ ತನಕ ನಿಂತು ನೋಡಿ ಹೋದರು.

ಬೆಂಗಳೂರಿಗೆ ಹೋಗುವುದೇ ದೊಡ್ಡ ಖರ್ಚು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಟಿಕೆಟಿನದ್ದು ಅಂಥ ಖರ್ಚಲ್ಲ. ಉಡುಪಿಯ ಇಂದ್ರಾಳಿ ಸ್ಟೇಷನಿನಿಂದ ಪಂಚಗಂಗಾ ರೈಲು, ಸ್ಲೀಪರಿನಲ್ಲಿ ನನಗೂ ಜೊತೆಗೆ ಬರುವ ಹೆಂಡತಿಗೂ 75 ಶೇಕಡಾ ರಿಯಾಯಿತಿ ಸಿಗುತ್ತದೆ. ಖರ್ಚು ಶುರುವಾಗುವುದು ಇಳಿದ ಮೇಲೆ. ಎಸೆಯುವ ಕುರ್ಚಿ ಹಿಡಿಯುವ ಗಾಡಿ ಬೇಕು. ವೀಲ್‌ಚೇರ್ ಒಳಗೆ ಹೋಗುವಷ್ಟು ಅಗಲದ ಬಾಗಿಲಿರುವ ಬಾತ್‌ರೂಮ್ ಬೇಕು, ಅಂಥ ರೂಮು ಕಮ್ಮಿ ಬಾಡಿಗೆಗೆ ಸಿಗುವುದಿಲ್ಲ. ಮೂತ್ರ ತೆಗೆಯುವ ನಳಿಗೆ, ಕ್ಯಾಥೆಟರ್, ಬೇಕು, ದಿನಕ್ಕೆ ಹಲವು ಸಲ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ನೀವು ಕೊಂಡ ನಾನ್‌ಖಟಾಯಿಯಲ್ಲಿ ಒಂದು ಪಾಲು ಅದಕ್ಕೇ ಹೋಗಿದೆ. ಬೇಜಾರು ಮಾಡಿಕೊಳ್ಳಬೇಡಿ.

"ಹಿಟ್ಟು ನಾದಿ ನಾದಿ ನಿನ್ನ ತೋಳಿಗೆ ಬಲ ಬಂದದ್ದಲ್ವಾ?" ಅಂತ ಕೇಳುವವರಿಗೂ ಉತ್ತರ ಹೇಳಿಬಿಡುತ್ತೇನೆ. ಅಲ್ಲ. ಕುರ್ಚಿ ತಳ್ಳುವುದೂ ಭುಜ, ಹಾಸಿಗೆಯಿಂದ ಕುರ್ಚಿಗೆ ದಾಟುವುದೂ ಭುಜ, ಗುಂಡು ಎಸೆಯುವುದೂ ಭುಜ. ಬೆಣ್ಣೆ ಸಕ್ಕರೆ ಕೈಯಲ್ಲೇ ತಿಕ್ಕುವುದನ್ನು ನಿಲ್ಲಿಸದಿದ್ದರೆ ಎಸೆತ ಮರೆತುಬಿಡು ಅಂತ ಅಭ್ಯಾಸ ಮಾಡಿಸುವ ಪಿಟಿ ಮಾಸ್ಟ್ರು ಗದರಿದರು. ಹ್ಯಾಂಡ್ ಬೀಟರ್ ಬಂದದ್ದು ಆಮೇಲೆ. ಮಾಸ್ಟ್ರು ಬೆಳಗ್ಗೆ ಆರು ಗಂಟೆಗೆ ಮೈದಾನಕ್ಕೆ ಬರುತ್ತಾರೆ. ಫೀಸು ಅಂತ ಕೇಳಿದರೆ ಓಲೆಬೆಲ್ಲದ ಕೇಕ್ ಅನ್ನುತ್ತಾರೆ. ಶುಗರ್ ಇದೆ ಅಂತ ಅವರ ಹೆಂಡತಿ ನನಗೆ ಫೋನ್ ಮಾಡಿ ಹೇಳಿದ್ದಾರೆ. ಹಾಗಾಗಿ ಕೊಡುತ್ತೇನೆ, ಸಣ್ಣ ತುಂಡು.

ಹೋದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೆಡ್‌ಸೋರ್ ಆಯಿತು. ಕೂತು ಕೂತು ಆಗುವ ಹುಣ್ಣು. ಚರ್ಮಕ್ಕೆ ನೋವು ಗೊತ್ತಾಗುವುದಿಲ್ಲವಲ್ಲ, ಕಣ್ಣಿಗೆ ಕಾಣುವಾಗ ಆಳವಾಗಿತ್ತು. ಕೂರುವ ಹಾಗಿಲ್ಲ, ಕವುಚಿ ಮಲಗಬೇಕು. ಕೂರದೆ ಕೇಕೂ ಇಲ್ಲ, ಗುಂಡೂ ಇಲ್ಲ. ಗಾಯ ಮಾಗಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಗಣೇಶ ಚೌತಿ, ನವರಾತ್ರಿ ಹೋಯಿತು, ಕ್ರಿಸ್‌ಮಸ್ ಆರ್ಡರಿನ ಸಮಯ ಬಂತು. ನಮ್ಮ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಆ ಒಂದು ತಿಂಗಳದ್ದು.

ಆಗ ಚಂದಾ ಎತ್ತುವ ಅಂತ ಕೆಲವರು ಹೊರಟಿದ್ದರು. ಒಳ್ಳೆ ಮನಸ್ಸಿನಿಂದಲೇ. ನನ್ನ ಫೋಟೋ ಕೂಡ ಕೇಳಿದರು, ಮಲಗಿರುವ ಫೋಟೋ. ನಾನು ಕೊಡಲಿಲ್ಲ. ಅದೇ ವಾರ ಕಲ್ಯಾಣಪುರದ ಒಬ್ಬರು ಬಾಯಮ್ಮ ಮನೆಗೆ ಬಂದರು. ಪ್ರತಿ ವರ್ಷ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ, ಪೂರ್ತಿ ಅವರೇ ಮಾಡುವುದು. ಕಿಡಿಯೊ, ಗುಳಿಯೊ ಎಲ್ಲ. ಪ್ಲಮ್ ಕೇಕ್ ಮಾತ್ರ ನಮ್ಮಿಂದ. "ನಿನ್ನ ಅಳತೆ ಬರೆದುಕೊಡು, ನನ್ನ ಓವನಿನಲ್ಲಿ ಬೇಯಿಸ್ತೇನೆ. ಲೇಬಲ್ ನಿನ್ನದೇ" ಅಂದರು. ಹೆಂಡತಿ ಅಲ್ಲಿಗೆ ಹೋಗಿ ಕಲಸಿದಳು, ಅವರು ಬೇಯಿಸಿದರು. ನಾನು ಮಲಗಿದಲ್ಲೇ ಲೇಬಲ್ ಅಂಟಿಸಿದೆ. ಕರೆಂಟಿನ ದುಡ್ಡು ಕೊಡಲು ಹೋದರೆ ತೆಗೆದುಕೊಂಡರು. ಆ ತೆಗೆದುಕೊಂಡದ್ದಕ್ಕೂ ಥ್ಯಾಂಕ್ಸ್ ಬಾಯಮ್ಮ. ಆ ಡಿಸೆಂಬರ್ ಬಾಡಿಗೆ ಕಟ್ಟಿತು, ಗಾಳಿ ತುಂಬುವ ಹೊಸ ಕುಶನ್ನೂ ತಂದಿತು. ಆಮೇಲೆ ಹುಣ್ಣು ಆಗಿಲ್ಲ.

ಬೆಂಗಳೂರಿನಲ್ಲಿ ಕುರ್ಚಿ ಬಿಗಿದ ಮೇಲೆ ಎಸೆತಗಳೆಲ್ಲ ಒಂದರ ಹಿಂದೆ ಒಂದು. ನಿಂತು ಎಸೆಯುವವರ ಹಾಗೆ ಸರದಿ ಬರುವ ತನಕ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಕೊನೆಯದು 8 ಮೀಟರ್ ದಾಟಿತು. ಮೊದಲ ಸ್ಥಾನದವರು ನನಗಿಂತ ಎಷ್ಟೋ ಮುಂದಿದ್ದರು, ಅದನ್ನೂ ಹೇಳಬೇಕು. ಬೆಳ್ಳಿ ನೋಡಿ ಅಮ್ಮ ಕೇಳಿದ್ದು ಒಂದೇ: "ಇದರ ಜೊತೆ ದುಡ್ಡು ಎಂತದ್ದೂ ಇಲ್ವಾ?" ಇಲ್ಲ ಅಮ್ಮ. ಅದಕ್ಕೇ ನಾಳೆ ರಸ್ಕ್.

ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಅವಳು ನಗುತ್ತಾಳೆ. ಹಾಗಾಗಿ ಸ್ಕೂಟರಿಗೆ ಹೊಸ ಟಯರ್ ಹಾಕಿಸಿದ್ದೇನೆ.

ಇನ್ನು ವ್ಯಾಪಾರದ ಮಾತು. ರಾಷ್ಟ್ರೀಯ ಕೂಟದ ವಾರ ಓವನ್ ಬಂದ್, ದಿನ ಗೊತ್ತಾದ ಕೂಡಲೇ ತಿಳಿಸುತ್ತೇವೆ. ಕ್ರಿಸ್‌ಮಸ್ ಕೇಕಿಗೆ ಹಣ್ಣು ರಮ್ಮಿನಲ್ಲಿ ನೆನೆಹಾಕಿ ಆಗಿದೆ. ರಮ್ ಬೇಡದವರಿಗೆ ಕಿತ್ತಳೆ ರಸದಲ್ಲಿ ಬೇರೆ ನೆನೆಸುತ್ತೇವೆ, ಆದರೆ ಮೊದಲೇ ಹೇಳಬೇಕು. ಒಂದು ಕೆಜಿಗಿಂತ ದೊಡ್ಡದು ಬೇಕಾದರೆ ಡಿಸೆಂಬರ್ ಮೊದಲ ವಾರದೊಳಗೆ ಹೇಳಿ, ಓವನ್ ಇನ್ನೂ ಅತ್ತಿಗೆಯದ್ದೇ, ಸಣ್ಣದು. ಕಡಿಯಾಳಿ ಅಮ್ಮನವರಿಗೆ ಸಕ್ಕರೆ ಜಾಸ್ತಿ ಅಂತ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ.