ರೈಲಿನ ಕಥೆ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ರೈಲು ಮ್ಯೂಸಿಯಂ ನೋಡಬೇಕೆಂದರೆ ನಮ್ಮ ಕಲಬುರಗಿ ಮಕ್ಕಳು ಹುಬ್ಬಳ್ಳಿಗೋ ಮೈಸೂರಿಗೋ ಹೋಗಬೇಕು. ಮೈಸೂರಿನದು 1979ರಿಂದಲೇ ಇದೆ, ಹುಬ್ಬಳ್ಳಿಯದು 2020ರಲ್ಲಿ ಶುರುವಾಯಿತು. ಹೋದರೂ ಏನಾಗುತ್ತದೆ? ಹಳೆ ಎಂಜಿನ್ ಮುಂದೆ ಸೆಲ್ಫಿ, ಪುಟಾಣಿ ರೈಲಿನಲ್ಲಿ ಒಂದು ಸುತ್ತು, ಮುಗೀತು. ಫಲಕ ಓದುವ ತಾಳ್ಮೆ ದೊಡ್ಡವರಿಗೇ ಇಲ್ಲ, ಮಕ್ಕಳಿಗೆಲ್ಲಿ ಬರಬೇಕು?

ಭಾನುವಾರ ಒಂದು ಗಂಟೆ ಅಲ್ಲಿ ಕಥೆ ಹೇಳಿಸಬಹುದಲ್ವಾ? ಟೋಕನ್ ಗುಂಡಿನದೇ ತಗೊಳ್ಳಿ, ಅಂದರೆ ಸ್ಟೇಷನ್‌ನವರು ಡ್ರೈವರ್‌ಗೆ ಕೊಡುತ್ತಿದ್ದ ಲೋಹದ ಚೆಂಡು. ಒಂಟಿ ಹಳಿಯಲ್ಲಿ ಎದುರುಬದುರು ಗಾಡಿ ಬರಬಾರದೆಂದು, ಆ ಗುಂಡು ಕೈಗೆ ಸಿಗದ ಹೊರತು ಡ್ರೈವರ್ ಮುಂದೆ ಹೋಗುವಂತಿರಲಿಲ್ಲ. ನಿಲ್ಲದ ಗಾಡಿಯಾದರೆ ಅದನ್ನು ಬೆತ್ತದ ದೊಡ್ಡ ಬಳೆಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದರು. ಓಡುವ ಎಂಜಿನ್‌ನಿಂದಲೇ ತೋಳು ಚಾಚಿ ಎಳೆದುಕೊಳ್ಳಬೇಕು! ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ನಮ್ಮೂರಿಗೆ ಮ್ಯೂಸಿಯಂ ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ನಮ್ಮ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ನಿಜಾಮರ ಕಾಲದ ರೈಲು ಓಡಿತ್ತು. ನಿವೃತ್ತ ಗಾರ್ಡ್‌ಗಳು, ಗ್ಯಾಂಗ್‌ಮನ್‌ಗಳು ನಮ್ಮ ಓಣಿಗಳಲ್ಲೇ ಇದ್ದಾರೆ. ಅವರನ್ನು ಗ್ರಂಥಾಲಯಕ್ಕೆ ಕರೆದು, ನಮ್ಮ ಭಾಗದ ಮಾತಿನಲ್ಲೇ ಹೇಳಿಸಲಿ. ಬೇಸಿಗೆ ರಜೆಯಲ್ಲಾದರೆ ಬೆಳಗ್ಗೆ ಬೇಗ ಇಟ್ಟುಕೊಳ್ಳಿ, ಹತ್ತರ ಮೇಲೆ ಇಲ್ಲಿನ ಬಿಸಿಲಿಗೆ ಯಾರೂ ಹೊರಗೆ ಬರೋದಿಲ್ಲ.

– ಓದುಗರೊಬ್ಬರು, ಕಲಬುರಗಿ