ಹೆಸರು ಹೇಳದೆ ಹೋದ ಹಿರಿಯರಿಗೆ

ಅಮ್ಮನ ಆಪರೇಷನ್‌ಗೆ ರಕ್ತ ಕೊಟ್ಟವರು ನೀವೇ ಎಂದು ನರ್ಸ್ ಹೇಳಿದ ಮೇಲಷ್ಟೇ ನನಗೆ ಗೊತ್ತಾಗಿದ್ದು. ಹೆಸರು ಕೇಳಿದರೆ, "ಅದೆಲ್ಲ ಯಾಕಮ್ಮ, ಕೊಡೋ ಹಾಗೆ ದೇವರು ಇಟ್ಟಿದ್ದಾನಲ್ಲ, ಅದೇ ನನ್ನ ಪುಣ್ಯ" ಎಂದಿರಿ. ಉಪಕಾರ ಮಾಡಿದವರು ನೀವು, ಕೃತಜ್ಞತೆಯೂ ನಿಮ್ಮದೇ! ಹೊರಡುವಾಗ ನೆಲ ಒರೆಸುತ್ತಿದ್ದ ಹೆಂಗಸಿಗೂ ಕೈಮುಗಿದು, ಒದ್ದೆ ಜಾಗ ಬಿಟ್ಟು ಬಳಸಿ ನಡೆದಿರಿ. ರಕ್ತಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು ಅದೇ.

ಲಾಟರಿ ಗೆದ್ದವರ ಬಗ್ಗೆ ಅಮೆರಿಕದಲ್ಲಿ ನಡೆದ, 1978ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅವರು ಬೇರೆಯವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಖುಷಿಗಳು ಅವರಿಗೆ ಇನ್ನೂ ಸಪ್ಪೆ. ಪಡೆಯುವುದಕ್ಕಿಂತ ಕೊಡುವುದರಲ್ಲೇ ಸುಖ ಕಾಣುವ ನಿಮ್ಮನ್ನು ಕಂಡ ಮೇಲೆ ನನಗದು ಆಶ್ಚರ್ಯವೆನಿಸಲಿಲ್ಲ.

ಅಮ್ಮ ಈಗ ಓಡಾಡುತ್ತಿದ್ದಾರೆ. ನಾನೂ ರಕ್ತದಾನಿಗಳ ಪಟ್ಟಿಗೆ ಸೇರಿದ್ದೇನೆ. ತುಂಬಾ ಧನ್ಯವಾದಗಳು, ಸರ್.