ಕ್ರೆಡಿಟ್ ಎಲ್ಲಿ ಲೆಕ್ಕಕ್ಕೆ ಬರತ್ತೆ ಅಂತ ಮೊದ್ಲೇ ಬರೆದು ಹೇಳಿ

ಸಂಪಾದಕರಿಗೆ ನಮಸ್ಕಾರ,

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ ಟೀಚರ್. ಪಿಯುಸಿ, ಡಿಎಡ್ ಮೇಲೆ ಕೆಲಸಕ್ಕೆ ಸೇರಿದೋಳು, ಆಗ ಅಷ್ಟೇ ಕೇಳ್ತಿದ್ರು. ಸೇರಿದ ದಿನದಿಂದ ಒಂದರಿಂದ ಏಳರ ತನಕ ಎಲ್ಲಾ ಪಾಠ ಮಾಡಿದೀನಿ. 2017ರಲ್ಲಿ ನೇಮಕಾತಿ ನಿಯಮ ಬದಲಾಗಿ ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರು ಅಂತಾಯ್ತು, ನಾವು ಒಂದರಿಂದ ಐದಕ್ಕೆ ಅಂತಾದ್ವಿ, ಆದ್ರೆ ಆರು ಏಳಕ್ಕೆ ಗಣಿತ ಇವತ್ತಿಗೂ ನಾನೇ ಮಾಡ್ತಿರೋದು. ಅದಕ್ಕೇ ಒಂದು ಡಿಗ್ರಿ ಮಾಡ್ಕೊಳ್ಳೋಣ ಅಂತ ಹೊರಟೆ.

ಡಿಗ್ರಿಗೆ ಸೇರೋಕೆ ಮುಂಚೆ ಸ್ವಯಂ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ತಾಣದಲ್ಲಿ ಎರಡು ಕೋರ್ಸ್ ಮಾಡಿದೆ, ಒಂದೊಂದು 12 ವಾರದ್ದು, ಒಂದೊಂದಕ್ಕೆ 4 ಕ್ರೆಡಿಟ್, ಅಂದ್ರೆ ಓದಿದ್ದನ್ನ ಡಿಗ್ರಿಗೆ ಎಣಿಸೋ ಅಳತೆ. ಆಮೇಲೆ ಹೆಂಗೂ ಸೇರತ್ತಲ್ಲ ಅನ್ನೋ ನಂಬಿಕೆ. ಪುನರ್ವಸು ಮಳೆ ಹಿಡ್ಕೊಂಡಿತ್ತು, ಧರೆ ಕುಸಿದು ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಅಸೈನ್‌ಮೆಂಟ್ ಹಾಕಕ್ಕೆ ಭಾನುವಾರ ರಾತ್ರಿ ಲಾಸ್ಟ್. ನಮ್ಮ ಕಡೆ ನೆಟ್‌ವರ್ಕ್ ಸಿಗೋದು ಸಂಕ ದಾಟಿ ಪಕ್ಕದ ಮನೆಯವರ ಅಡಿಕೆ ತೋಟದ ಮೇಲಿನ ಗುಡ್ಡದ ತುದೀಲಿ ಮಾತ್ರ. ಮಗಳು ನನ್ನ ತಲೆ ಮೇಲಲ್ಲ, ಫೋನ್ ಮೇಲೆ ಕೊಡೆ ಹಿಡ್ಕೊಂಡು ನಿಂತಿದ್ಲು, ಒಂದೊಂದೇ ಉತ್ತರ ಒತ್ತಿ ಸಬ್‌ಮಿಟ್ ಆಗೋ ಹೊತ್ತಿಗೆ ಇಬ್ಬರ ಕಾಲಿಗೂ ಉಂಬಳ ಹತ್ತಿತ್ತು. ಪರೀಕ್ಷೆಗೆ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಬರೆದು ಬಂದೆ. ಎರಡೂ ಪಾಸಾದೆ.

ಆಮೇಲೆ ದೂರಶಿಕ್ಷಣದಲ್ಲಿ ಬಿಎಗೆ ಸೇರಿ ಸರ್ಟಿಫಿಕೇಟ್ ಕೊಟ್ರೆ, ನೀವು ಇದನ್ನ ಮಾಡುವಾಗ ನಮ್ಮಲ್ಲಿ ಅಡ್ಮಿಶನ್ನೇ ಆಗಿರ್ಲಿಲ್ಲ, ಈ ಕೋರ್ಸ್ ನಮ್ಮ ಪಟ್ಟೀಲೂ ಇಲ್ಲ, ಆಗಲ್ಲ ಅಂದ್ರು. ಹೋಗ್ಲಿ ಸರ್ವಿಸ್ ರಿಜಿಸ್ಟರಿಗಾದ್ರೂ ಹತ್ತಿಸಿ ಅಂತ ಕಚೇರೀಲಿ ಕೇಳಿದ್ರೆ ಅಲ್ಲಿದ್ದೋರು ಹಾಳೆ ತಿರುಗಿಸಿ ನೋಡಿ, ಮೇಡಂ ಚೆನ್ನಾಗಿದೆ, ಆದ್ರೆ ಡಿಗ್ರಿ ಆದ್ರೆ ಬರೀಬೋದು, ಇದನ್ನ ಯಾವ ಕಾಲಂನಲ್ಲಿ ಬರೀಲಿ ಅಂತ ನನ್ನನ್ನೇ ಕೇಳಿದ್ರು. ಅವರ ಮೇಲೆ ನಂಗೆ ಸಿಟ್ಟಿಲ್ಲ. ಅವರಿಗೂ ಯಾರೂ ಹೇಳಿಲ್ಲ.

ಆಮೇಲೆ ನಾನೇ ಕೂತು ನಿಯಮ ಓದಿದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿ 2021ರಲ್ಲಿ ಒಂದು ಸೆಮಿಸ್ಟರಿನ ಕೋರ್ಸಲ್ಲಿ ಶೇ 40ರ ತನಕ ಸ್ವಯಂನಿಂದ ತರಬಹುದು ಅಂದಿದೆ, ಆದ್ರೆ ಅದಕ್ಕೆ ನಾವು ಓದ್ತಿರೋ ವಿಶ್ವವಿದ್ಯಾಲಯ ಮೊದ್ಲೇ ಒಪ್ಪಿರಬೇಕು. ಗಳಿಸಿದ ಕ್ರೆಡಿಟ್ ಜಮಾ ಇಡೋಕೆ ಅದೇ ವರ್ಷ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಕ್ರೆಡಿಟ್ ಹೆಚ್ಚೂ ಅಂದ್ರೆ 7 ವರ್ಷ ಉಳಿಯತ್ತೆ, ಆದ್ರೆ ಉಳಿಯೋದು ಬೇರೆ, ಲೆಕ್ಕಕ್ಕೆ ಬರೋದು ಬೇರೆ. ಈ ಒಂದು ವ್ಯತ್ಯಾಸ ನಂಗೆ ಯಾರಾದ್ರೂ ಮೊದ್ಲೇ ಹೇಳಿದ್ರೆ ನಾನು ಅಡ್ಮಿಶನ್ ಮಾಡಿಸ್ಕೊಂಡು, ಪಟ್ಟಿ ನೋಡ್ಕೊಂಡು, ಆಮೇಲೆ ಕೋರ್ಸ್ ಹಿಡೀತಿದ್ದೆ. ಇನ್ನೊಂದು ಮಾತು, ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬೇರೆ. ಕೆಲಸದಲ್ಲಿರೋರೂ ಅದನ್ನ ಪಾಸಾಗ್ಬೇಕು ಅನ್ನೋ 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಎಷ್ಟೋ ಜನ ಕ್ರೆಡಿಟ್ ತಗೊಂಡ್ರೆ ಟಿಇಟಿ ತಪ್ಪತ್ತೆ ಅಂತ ಅಂದ್ಕೊಂಡಿದಾರೆ, ತಪ್ಪಲ್ಲ, ಯಾವ ಕ್ರೆಡಿಟ್ಟೂ ಅದರ ಬದಲಿಗೆ ಬರಲ್ಲ.

ನಂಗೆ ನಿಜವಾಗ್ಲೂ ಸಂಕಟ ಆಗೋದು ಟ್ರೈನಿಂಗ್ ವಿಷಯದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ತರಬೇತಿ ತಗೋಬೇಕು ಅನ್ನತ್ತೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆ ಕಲಿಕೆಗೆ ಒಂದು ಕ್ರೆಡಿಟ್ ಅನ್ನತ್ತೆ. ಐದು ವರ್ಷಕ್ಕೆ 250 ಗಂಟೆ ಆಯ್ತು, ಅಂದ್ರೆ 8 ಕ್ರೆಡಿಟ್, ನಾನು ಗುಡ್ಡ ಹತ್ತಿ ಸಂಪಾದಿಸಿದಷ್ಟೇ. ಕೊನೇಲಿ ಒಂದು ಪರೀಕ್ಷೆ ಇಟ್ಟು, ಪಾಸಾದೋರಿಗೆ ಆ ಗಂಟೆಗಳನ್ನ ಡಿಗ್ರಿಗೋ ಬಿಎಡ್‌ಗೋ ಸೇರಿಸಕ್ಕೆ ಯಾಕಾಗಬಾರದು? ಬಿಎಡ್‌ನ ಶಾಲಾ ಇಂಟರ್ನ್‌ಶಿಪ್ ಬಿಡಿ ಅಂತ ನಾನು ಕೇಳ್ತಿಲ್ಲ, ಓದೋದನ್ನ ಕಮ್ಮಿ ಮಾಡಿ ಅಂತಲೂ ಅಲ್ಲ, ಓದಿದ್ದನ್ನ ಎಣಿಸಿ ಅಂತ ಅಷ್ಟೇ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಶಿವಮೊಗ್ಗದಲ್ಲೇ ಶಿಕ್ಷಕರಿಗೆ ತರಬೇತಿ ಕೊಡೋ ಜಿಲ್ಲಾ ಸಂಸ್ಥೆ ಡಯಟ್ ಇದೆ, ಇಬ್ರೂ ಇಲಾಖೆಯವರನ್ನ ಕೂರಿಸ್ಕೊಂಡು ಮಾತಾಡಿದ್ರೆ ಕನಿಷ್ಠ ನಮ್ಮ ಜಿಲ್ಲೆಗಾದ್ರೂ ಒಂದು ದಾರಿ ಆಗತ್ತೆ. ಸಂಪರ್ಕ ತರಗತಿ ಏಪ್ರಿಲ್ ಮೇ ರಜೇಲಿ ಇಟ್ರೆ ಮಳೆ ಕಾಟವೂ ಇಲ್ಲ.

ಅಷ್ಟು ಆಗೋ ತನಕ ಇಲಾಖೆ ಒಂದೇ ಒಂದು ಕೆಲಸ ಮಾಡ್ಲಿ. ಮೇಲಿನ ಓದಿಗೆ ಪೂರ್ವಾನುಮತಿ ಕೇಳಿ ಅರ್ಜಿ ಹಾಕ್ತೀವಲ್ಲ, ಆ ಅನುಮತಿ ಪತ್ರದಲ್ಲೇ ಈ ಕೋರ್ಸ್ ನಿಮ್ಮ ಬಡ್ತಿಗೆ ಬರತ್ತೆ ಅಥವಾ ಬರಲ್ಲ, ಇಷ್ಟು ಕ್ರೆಡಿಟ್ ಒಪ್ತೀವಿ ಅಂತ ಎರಡು ಸಾಲು ಬರೆದು ಸಹಿ ಹಾಕಿ ಕೊಡ್ಲಿ. ನಮ್ಮ ಕ್ಲಸ್ಟರಿನ ಇಬ್ರು ಟೀಚರ್ಸ್ ಈ ಜುಲೈಗೆ ಸೇರ್ಬೇಕು ಅಂತಿದಾರೆ, ಇಬ್ರಿಗೂ ಚಿಕ್ಕ ಮಕ್ಕಳು, ಫೀಸಿಗೆ ಸೊಸೈಟಿ ಸಾಲ ಕೇಳಿದಾರೆ. ಜೂನ್ ಒಳಗೆ ಬಿಇಒ ಆಫೀಸಿನ ಬೋರ್ಡಿಗೆ ಯಾವ ಕೋರ್ಸ್ ಲೆಕ್ಕಕ್ಕೆ ಬರತ್ತೆ ಅನ್ನೋ ಪಟ್ಟಿ ಅಂಟಿಸಿದ್ರೆ ನಾನೇ ಹೋಗಿ ಫೋಟೋ ತೆಗೆದು ಅವರಿಗೆ ಕಳಿಸ್ತೀನಿ.

ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು